ಈ ಜೀಪು ಯಾರದು?

1951ರ ಆಗಸ್ಟ್ 28ರಂದು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಒಂದು ಪ್ರದರ್ಶನ ತೆರೆಯಿತು. ಅದರ ಹೆಸರು 'ಎಂಟು ಆಟೋಮೊಬೈಲುಗಳು'. ಪಿಕಾಸೊ, ಮತೀಸರ ಚಿತ್ರಗಳನ್ನು ಗೋಡೆಗೆ ತೂಗುಹಾಕುವ ಸಂಸ್ಥೆ ಅಂದು ಮೋಟಾರು ಗಾಡಿಗಳನ್ನು ಶಿಲ್ಪಗಳ ಹಾಗೆ ನಿಲ್ಲಿಸಿ ಜನರನ್ನು ಕರೆದಿತ್ತು. ಜರ್ಮನಿಯ ಮರ್ಸಿಡಿಸ್, ಇಂಗ್ಲೆಂಡಿನ ಬೆಂಟ್ಲಿ ಮತ್ತು ಎಂಜಿ, ಫ್ರಾನ್ಸಿನ ಟಾಲ್ಬೊ, ಇಟಲಿಯ ಸಿಸಿಟಾಲಿಯಾ, ಅಮೆರಿಕದ್ದೇ ಆದ ಲಿಂಕನ್ ಕಾಂಟಿನೆಂಟಲ್ ಮತ್ತು ಕಾರ್ಡ್. ಇವು ಏಳು. ಎಂಟನೆಯದು ವಿಲ್ಲೀಸ್ ಜೀಪು.

ನಮ್ಮ ಕಾಫಿ ಸೀಮೆಯವರು ಇದನ್ನು ಕೇಳಿದರೆ ನಗುತ್ತಾರೆ. ಸಗಣಿ ಗೊಬ್ಬರ ಹೊತ್ತ ಜೀಪು, ಲೈನು ಮನೆಯಿಂದ ಹೆಣ್ಣಾಳುಗಳನ್ನು ತುಂಬಿಕೊಂಡು ತೋಟಕ್ಕೆ ಏರಿದ ಜೀಪು, ಮಳೆಗಾಲದ ನಡುರಾತ್ರಿ ಬಸುರಿಯನ್ನು ಕಳಸದಿಂದ ಇಳಿಸಿದ ಜೀಪು ಕಲೆಯಾಗುವುದು ಹೇಗೆ? ಆದರೆ ಆ ಮ್ಯೂಸಿಯಂ ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ವಿಲ್ಲೀಸ್ ಕಂಪನಿಯ ಸೇನಾ ಜೀಪೊಂದನ್ನು, ಎಂ38ಎ1 ಎಂಬ ಮಾದರಿಯನ್ನು, ತನ್ನ ಶಾಶ್ವತ ಸಂಗ್ರಹಕ್ಕೇ ಸೇರಿಸಿಕೊಂಡಿತು. ಈಗ ಅದು ಕಲಾಕೃತಿ. ಮುಟ್ಟುವಂತಿಲ್ಲ.

ಜೀಪಿಗೆ ಪೀಠ ಸಿಕ್ಕಿದ್ದಕ್ಕೆ ನಮ್ಮ ತಕರಾರಿಲ್ಲ. ಬೆಂಟ್ಲಿಯ ಪಕ್ಕದಲ್ಲಿ ಜೀಪು ನಿಲ್ಲಿಸಿದವರ ಕಣ್ಣು ದೊಡ್ಡದೇ. ಶ್ರೀಮಂತಿಕೆ ಬೇರೆ, ಚೆಲುವು ಬೇರೆ ಎಂದು ಅವರು 1951ರಲ್ಲೇ ಒಪ್ಪಿಕೊಂಡರು. ನಮ್ಮ ತಕರಾರು ಪೀಠದ ಕೆಳಗಿನ ಹೆಸರು ಹಲಗೆಯ ಬಗ್ಗೆ. ಒಂದು ವಸ್ತುವನ್ನು ಮಾಡಿದವರು ಯಾರು? ನಕ್ಷೆ ಬರೆದವನೋ, ಮಾರಿದ ಕಂಪನಿಯೋ, ಕೊಂಡ ಸಾಹುಕಾರನೋ? ಅದು ಕೆಟ್ಟು ನಿಂತಾಗಲೆಲ್ಲ ಮತ್ತೆ ಎಬ್ಬಿಸಿ, ಕೊಯ್ದು, ಬೆಸೆದು, ಐವತ್ತು ಅರುವತ್ತು ವರ್ಷ ನಡೆಸಿದವನಿಗೆ ಆ ಹಲಗೆಯಲ್ಲಿ ಒಂದು ಸಾಲೂ ಇಲ್ಲವೋ? ಈ ಪ್ರಶ್ನೆಯನ್ನು ನ್ಯೂಯಾರ್ಕಿಗೆ ಕೇಳುವುದಕ್ಕಿಂತ ಚಿಕ್ಕಮಗಳೂರಿಗೆ ಕೇಳಬೇಕು ಎನ್ನುವುದು ನಮ್ಮ ವಾದ.

ಮೊದಲು ಹೆಸರಿನ ಕತೆ ನೋಡೋಣ. 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕೆಂದು 135 ಕಂಪನಿಗಳಿಗೆ ಪತ್ರ ಬರೆಯಿತು. ನಾಲ್ಕೂ ಚಕ್ರಕ್ಕೆ ಬಲ ಹೋಗಬೇಕು, 49 ದಿನಗಳಲ್ಲಿ ಮಾದರಿ ತಂದು ನಿಲ್ಲಿಸಬೇಕು ಎಂಬುದು ಷರತ್ತು. ಅದನ್ನು ಗಡುವಿನೊಳಗೆ ಮಾಡಿ ತೋರಿಸಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ, ಮುಳುಗುತ್ತಿದ್ದ ಸಣ್ಣ ಕಂಪನಿ ಬ್ಯಾಂಟಮ್. ನಕ್ಷೆ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನದು. ಸೆಪ್ಟೆಂಬರ್ 23ರಂದು ಗಾಡಿ ಸೈನ್ಯದ ಅಂಗಳದಲ್ಲಿ ನಿಂತಿತು. ಸೈನ್ಯ ಮೆಚ್ಚಿತು. ಆದರೆ ಸಣ್ಣ ಕಂಪನಿ ಲಕ್ಷಗಟ್ಟಲೆ ಗಾಡಿ ಮಾಡಿಕೊಡಲಾರದು ಎಂದು ಆ ನಕ್ಷೆಯನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಕೈಗೆ ಕೊಟ್ಟಿತು. ಯುದ್ಧ ಮುಗಿಯುವಷ್ಟರಲ್ಲಿ ಈ ಎರಡು ಕಂಪನಿಗಳು ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪು ಮಾಡಿದವು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರವೂ ಇಲ್ಲ. ಆಮೇಲೆ ಅದಕ್ಕೆ ಸಿಕ್ಕಿದ ಕೆಲಸ ಜೀಪಿನ ಹಿಂದೆ ಕಟ್ಟುವ ಟ್ರೇಲರು ಮಾಡುವುದು! ಹೆತ್ತವಳಿಗೆ ಮಗುವಿನ ಬಟ್ಟೆ ಒಗೆಯುವ ಕೆಲಸ ಸಿಕ್ಕಿದ ಹಾಗೆ.

ವಿಲ್ಲೀಸ್ ಕಂಪನಿ ಜೀಪು ತನ್ನದೇ ಸೃಷ್ಟಿ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1943ರಲ್ಲಿ ಇದು ಸುಳ್ಳೆಂದು ಪ್ರಕರಣ ಹೂಡಿತು. 1948ರಲ್ಲಿ ಹಾಗೆ ಹೇಳಿಕೊಳ್ಳಬಾರದೆಂದು ಆದೇಶವೂ ಆಯಿತು. ಏನು ಪ್ರಯೋಜನ? 1950ರಲ್ಲಿ 'ಜೀಪ್' ಎಂಬ ಹೆಸರು ಕಾನೂನಿನ ಪ್ರಕಾರವೇ ವಿಲ್ಲೀಸ್‌ನ ನೋಂದಾಯಿತ ಸ್ವತ್ತಾಯಿತು. ಮರುವರ್ಷ ಮ್ಯೂಸಿಯಂನ ಪೀಠವೂ ಸಿಕ್ಕಿತು. ಸತ್ಯ ಕಡತದಲ್ಲಿ ಉಳಿಯಿತು, ಹೆಸರು ಹಲಗೆಯ ಮೇಲೆ ಕೂತಿತು. ಹೆಸರು ಅಳಿಸುವ ಕೆಲಸ ಕಾಫಿ ತೋಟದಲ್ಲಿ ಶುರುವಾದದ್ದಲ್ಲ ಎಂಬುದಕ್ಕೆ ಇಷ್ಟು ಹೇಳಿದೆವು.

ಅಮೆರಿಕದಲ್ಲಿ ಮೋಟಾರು ಪ್ರದರ್ಶನವೆಂದರೆ ಏನಾಗಿತ್ತು ಎಂಬುದನ್ನೂ ನೆನೆಯಬೇಕು. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರಲ್ ಮೋಟಾರ್ಸ್ ಕಂಪನಿ 'ಫ್ಯೂಚರಾಮಾ' ಎಂಬ ಪ್ರದರ್ಶನ ಮಾಡಿತು. ವಿನ್ಯಾಸ ನಾರ್ಮನ್ ಬೆಲ್ ಗೆಡ್ಡೀಸ್ ಅವರದು. ಜನ ಚಲಿಸುವ ಕುರ್ಚಿಯಲ್ಲಿ ಕೂತು 1960ರ ಅಮೆರಿಕ ಹೇಗಿರುತ್ತದೆಂದು ಕೆಳಗೆ ಇಟ್ಟ ಆಟಿಕೆ ನಗರವನ್ನು ನೋಡಿದರು. ಎಲ್ಲಿ ನೋಡಿದರೂ ಅಗಲ ರಸ್ತೆ, ರಸ್ತೆಯ ತುಂಬ ಕಾರು. 1949ರಿಂದ 1961ರವರೆಗೆ ಅದೇ ಕಂಪನಿಯ 'ಮೋಟೊರಾಮಾ' ಪ್ರದರ್ಶನಗಳು ನಡೆದವು. ಹಾಡು, ಕುಣಿತ, ತಿರುಗುವ ವೇದಿಕೆ, ಅದರ ಮೇಲೆ ರೆಕ್ಕೆ ಬಾಲ ಹಚ್ಚಿಕೊಂಡ ಕಾರು. 1927ರಲ್ಲೇ ಆ ಕಂಪನಿ 'ಆರ್ಟ್ ಅಂಡ್ ಕಲರ್' ಎಂಬ ವಿಭಾಗ ತೆರೆದು ಹಾರ್ಲೆ ಅರ್ಲ್ ಎಂಬಾತನ ಕೈಗೆ ಒಪ್ಪಿಸಿತ್ತು. ಪ್ರತಿವರ್ಷ ಕಾರಿನ ಮುಖ ಬದಲಾಯಿಸುವುದು, ಹೋದ ವರ್ಷ ಕೊಂಡವನಿಗೆ ತನ್ನ ಕಾರು ಹಳತು ಅನ್ನಿಸುವಂತೆ ಮಾಡುವುದು ಅಲ್ಲಿಂದ ವ್ಯಾಪಾರದ ಪದ್ಧತಿಯೇ ಆಯಿತು. ಎಂಜಿನ್ ಸವೆಯುವ ಮೊದಲು ಮನಸ್ಸು ಸವೆಯಬೇಕು. ಈ ಅತೃಪ್ತಿಯನ್ನು ಬಿತ್ತುವ ಹೊಲವೇ ಆ ಕಾಲದ ಕಾರು ಪ್ರದರ್ಶನ. ನಮ್ಮ ಕಾಲದ್ದು ಬೇರೆಯೇನಲ್ಲ. ಆಗ ಹೋಟೆಲಿನ ಸಭಾಂಗಣ, ಈಗ ಅಂಗೈಯ ಮೊಬೈಲು.

ಆ ಮೆರವಣಿಗೆಯಲ್ಲಿ ಸೇರದೆ ನಿಂತದ್ದು ಜೀಪು. ಬಾಲವಿಲ್ಲ, ಬೆಳ್ಳಿ ಪಟ್ಟಿಯಿಲ್ಲ. ಬಾನೆಟ್ಟು ಚಪ್ಪಟೆ, ಮೇಲೆ ಅನ್ನದ ತಟ್ಟೆ ಇಡಬಹುದು. ಬದಿ ಚಪ್ಪಟೆ, ಬಡಿದರೆ ನೇರವಾಗುತ್ತದೆ. ಒಂದು ಭಾಗ ಬಿಚ್ಚಲು ಇನ್ನೊಂದನ್ನು ಒಡೆಯಬೇಕಿಲ್ಲ. ಕೆಟ್ಟರೆ ಕಂಪನಿಗೆ ಓಡಬೇಕಿಲ್ಲ. ಸೈನ್ಯ ಇದನ್ನು ಕೇಳಿದ್ದು ಗುಂಡಿನ ಸುರಿಮಳೆಯ ನಡುವೆ ಸಾಮಾನ್ಯ ಸಿಪಾಯಿಯೂ ಸರಿಪಡಿಸಬೇಕೆಂಬ ಕಾರಣಕ್ಕೆ. ಅಂದರೆ ದುರಸ್ತಿ ಎಂಬುದು ಜೀಪಿನ ಆಯುಷ್ಯದಲ್ಲಿ ಆಮೇಲೆ ಬಂದ ವಿಷಯವಲ್ಲ, ಅದರ ಹುಟ್ಟಿನಲ್ಲೇ ಇದ್ದ ಗುಣ. ಮ್ಯೂಸಿಯಂ ಜೀಪನ್ನು ಹೊಗಳುತ್ತದೆ, ದುರಸ್ತಿ ಮಾಡಿದವನನ್ನು ಮರೆಯುತ್ತದೆ. ಹಾಗಾದರೆ ಅದು ಹೊಗಳಿದ್ದು ಏನನ್ನು?

ಈ ಗಾಡಿ ನಮ್ಮ ದೇಶಕ್ಕೆ ಬಂದ ದಾರಿಯಲ್ಲೂ ಒಂದು ಅಳಿಸಿದ ಹೆಸರಿದೆ. 1945ರಲ್ಲಿ ಮಹೀಂದ್ರ ಸಹೋದರರು ಮತ್ತು ಗುಲಾಂ ಮುಹಮ್ಮದ್ ಸೇರಿ ಒಂದು ಕಂಪನಿ ಕಟ್ಟಿದರು. ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್'. ಉಕ್ಕಿನ ವ್ಯಾಪಾರ. 1947ರಲ್ಲಿ ದೇಶ ಎರಡಾಯಿತು, ಗುಲಾಂ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅದರ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಇಂಗ್ಲಿಷಿನಲ್ಲಿ ಆಗಲೇ 'ಎಂ ಅಂಡ್ ಎಂ' ಎಂದು ಇದ್ದುದರಿಂದ ಅಕ್ಷರ ಬದಲಾಯಿಸುವ ಖರ್ಚೂ ಬರಲಿಲ್ಲ ಎಂದು ತಮಾಷೆ ಮಾಡುವವರಿದ್ದಾರೆ. ಬಿಟ್ಟು ಹೋದ ಮಾಲೀಕನ ಹೆಸರು ತೆಗೆದದ್ದರಲ್ಲಿ ನಮಗೆ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಹೋದವರು ಮಾಲೀಕರು, ಉಳಿದವರು ಕೆಲಸಗಾರರು. ಇಲ್ಲೇ ಉಳಿದು, ಅದೇ ಕಂಪನಿ ಜೋಡಿಸಿದ ವಿಲ್ಲೀಸ್ ಜೀಪುಗಳ ಕೆಳಗೆ ಮಲಗಿ ಎಣ್ಣೆ ಸುರಿಸಿಕೊಂಡ ಸಾವಿರಾರು ಮೊಹಮ್ಮದರ ಹೆಸರು ಯಾವ ಕಂಪನಿಯ ಫಲಕದಲ್ಲೂ ಮೊದಲೇ ಇರಲಿಲ್ಲ. ಅಳಿಸುವ ತೊಂದರೆಯೂ ಬರಲಿಲ್ಲ.

ಈ 'ಯಾರದು' ಎಂಬ ಜಗಳ ಈಗಲೂ ತಣ್ಣಗಾಗಿಲ್ಲ. ಮಹೀಂದ್ರ ಕಂಪನಿ 2018ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ 'ರಾಕ್ಸರ್' ಎಂಬ ಗಾಡಿ ಜೋಡಿಸಿ ಮಾರಲು ಹೊರಟಿತು. ರಸ್ತೆಗಲ್ಲ, ಹೊಲ ಕಾಡಿಗೆ. ಜೀಪ್ ಎಂಬ ಹೆಸರು ಆಗ ಫಿಯಟ್ ಕ್ರೈಸ್ಲರ್ ಕೈಯಲ್ಲಿತ್ತು. ಆಕಾರ ನಮ್ಮದು ಎಂದು ಅವರು ದೂರು ಕೊಟ್ಟರು. ನಾವು 1940ರ ದಶಕದಿಂದ ಲೈಸೆನ್ಸ್ ಪಡೆದು ಮಾಡುತ್ತ ಬಂದವರು ಎಂದು ಇವರು ವಾದಿಸಿದರು. 2020ರ ಜೂನ್‌ನಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ ಮಹೀಂದ್ರ ವಿರುದ್ಧ ಆದೇಶ ಕೊಟ್ಟಿತು. ಆಮೇಲೆ ಗಾಡಿಯ ಮುಖ ಬದಲಾಯಿಸಿ ಅನುಮತಿ ಪಡೆಯಬೇಕಾಯಿತು. ಬ್ಯಾಂಟಮ್‌ನ ಕೈಯಿಂದ ಸೈನ್ಯ ಕಸಿದು ಹಂಚಿದ ಆಕಾರಕ್ಕೆ ಎಂಬತ್ತು ವರ್ಷದ ಮೇಲೆ ವಕೀಲರಿಟ್ಟು ಕಾವಲು! ಹಣವಿದ್ದವರಿಗೆ ಆಕಾರ ಕೂಡ ಆಸ್ತಿ.

ಈಗ ನಮ್ಮ ಬೆಟ್ಟಕ್ಕೆ ಬರೋಣ.

ಯುದ್ಧ ಮುಗಿದ ಮೇಲೆ ಸೇನೆ ಹರಾಜಿಗೆ ಹಾಕಿದ 'ಡಿಸ್ಪೋಸಲ್' ಜೀಪುಗಳು, ಆಮೇಲೆ ಮುಂಬಯಿಯಲ್ಲಿ ಜೋಡಿಸಿದವು, ಕೊನೆಗೆ ಇಲ್ಲಿಯೇ ತಯಾರಾದವು ಒಂದೊಂದಾಗಿ ಎಸ್ಟೇಟುಗಳಿಗೆ ಬಂದವು. ಕಾಫಿ ಸೀಮೆಗೂ ಜೀಪಿಗೂ ಜಾತಕ ಕೂಡಿತು. ಗಿಡ ಬೆಳೆಯುವುದು ಇಳಿಜಾರಿನಲ್ಲಿ, ನೆರಳಿನಲ್ಲಿ. ರಸ್ತೆ ಎಂದರೆ ಕೆಸರು, ಕಲ್ಲು, ಬೇರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಇಲ್ಲ. ಗೊಬ್ಬರ ಮೇಲೇರಬೇಕು, ಹಣ್ಣು ಪಲ್ಪರಿಗೆ ಇಳಿಯಬೇಕು, ಮೂಟೆ ಕಣದಿಂದ ಪೇಟೆಗೆ ಹೋಗಬೇಕು. ಇದಕ್ಕೆಲ್ಲ ಫೋರ್ ವೀಲ್ ಹಾಕಿದ ಜೀಪೇ ಬೇಕು. ಇಂದಿಗೂ ಹೊರನಾಡಿನ ಕ್ಯಾತನಮಕ್ಕಿಗೆ, ಬಾಬಾ ಬುಡನ್‌ಗಿರಿ ಕಡೆಯ ಝರಿ ಜಲಪಾತಕ್ಕೆ ಬೆಂಗಳೂರಿನ ಪ್ರವಾಸಿಗರು ತಮ್ಮ ಲಕ್ಷಾಂತರ ರೂಪಾಯಿಯ ಕಾರು ಕೆಳಗೆ ನಿಲ್ಲಿಸಿ ಬಾಡಿಗೆ ಜೀಪು ಹತ್ತುತ್ತಾರೆ.

ಆದರೆ ಅಮೆರಿಕದ ಟೊಲಿಡೊ ಊರಿನಲ್ಲಿ ಹುಟ್ಟಿದ ಗಾಡಿ ನಮ್ಮ ಮಳೆಗೆ ಹಾಗೆಯೇ ಒಗ್ಗಲಿಲ್ಲ. ಒಗ್ಗಿಸಿದರು. ಡೆಲ್ಕೊಗೆ ನೀರು ಹೋಗಿ ಗಾಡಿ ನಡುದಾರಿಯಲ್ಲಿ ನಿಂತಾಗ ಟ್ಯೂಬಿನ ರಬ್ಬರು ಕತ್ತರಿಸಿ ಅದಕ್ಕೆ ಗೊಂಗಡಿ ಹೊದಿಸಿದರು. ಮೂಟೆಯ ಭಾರಕ್ಕೆ ಹಿಂದಿನ ಪಾಟಾ ಬಗ್ಗಿದರೆ ಲಾರಿಯ ಪಾಟಾದಿಂದ ಒಂದೆರಡು ಎಲೆ ಕತ್ತರಿಸಿ ಸೇರಿಸಿದರು. ಆಕ್ಸಲ್ ತುಂಡಾದರೆ ಚಿಕ್ಕಮಗಳೂರಿನ ಲೇತಿನಲ್ಲಿ ಹೊಸತು ತಿರುವಿಸಿ ತಂದರು. 1973ರ ನಂತರ ಪೆಟ್ರೋಲು ಬೆಲೆ ಕೈಸುಡತೊಡಗಿತು. ಮುಂದಿನ ವರ್ಷಗಳಲ್ಲಿ ಪೆಟ್ರೋಲು ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಶುರುವಾಯಿತು. ಮ್ಯಾಟಡಾರಿನ ಎಂಜಿನ್ ಜೀಪಿನೊಳಗೆ ಕೂರಬೇಕಾದರೆ ಮೌಂಟಿಂಗ್ ಹೊಸತು ಮಾಡಬೇಕು, ಗೇರ್ ಬಾಕ್ಸಿಗೆ ಜೋಡಿಸುವ ತಟ್ಟೆ ಲೇತಿನಲ್ಲಿ ತೆಗೆಯಬೇಕು, ರೇಡಿಯೇಟರ್ ಮುಂದಕ್ಕೆ ಸರಿಸಬೇಕು, ಭಾರ ಹೆಚ್ಚಾದ್ದಕ್ಕೆ ಮುಂದಿನ ಪಾಟಾ ಬಿಗಿ ಮಾಡಬೇಕು. ಇದಕ್ಕೆ ನಕ್ಷೆಯಿರಲಿಲ್ಲ. ಅಳತೆ ಕಣ್ಣಿನಲ್ಲಿ, ಲೆಕ್ಕ ಬೆರಳಿನಲ್ಲಿ. ಒಬ್ಬ ಉಸ್ತಾದ್ ಮಾಡಿದ್ದನ್ನು ನೋಡಿ ಇನ್ನೊಬ್ಬ ತಿದ್ದಿದ, ಅವನ ಶಾಗಿರ್ದ್ ಇನ್ನೂ ಸುಲಭ ಮಾಡಿದ.

ಇದನ್ನು ವಿನ್ಯಾಸ ಎನ್ನದೆ ಏನೆನ್ನಬೇಕು? ಹಾರ್ಲೆ ಅರ್ಲ್ ಕಾರಿಗೆ ಬಾಲ ಹಚ್ಚಿದರೆ ಅದು ಡಿಸೈನು. ಮೂಡಿಗೆರೆಯ ಮೇಸ್ತ್ರಿ ಜೀಪಿಗೆ ಹೊಸ ಹೃದಯ ಇಟ್ಟರೆ ಅದು 'ಏನೋ ಅಡ್ಜೆಸ್ಟ್‌ಮೆಂಟು'!

ಅಮೆರಿಕದವರೇ ಇದನ್ನು ನಮಗೆ ಒಮ್ಮೆ ಹೇಳಿಕೊಟ್ಟಿದ್ದರು. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಹೆಸರಾಂತ ವಿನ್ಯಾಸಕಾರ ದಂಪತಿ ಭಾರತ ಸರ್ಕಾರದ ಕೋರಿಕೆಯಂತೆ ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅವರು ಅದರಲ್ಲಿ ಮನಸಾರೆ ಮೆಚ್ಚಿ ಬರೆದದ್ದು ಯಾವ ಅರಮನೆಯ ವಸ್ತುವಿನ ಬಗ್ಗೆಯೂ ಅಲ್ಲ. ನಮ್ಮ ಮನೆಮನೆಯ ಲೋಟಾದ ಬಗ್ಗೆ. ಲೋಟಾವನ್ನು ಒಬ್ಬ ಮನುಷ್ಯ ವಿನ್ಯಾಸ ಮಾಡಲಿಲ್ಲ, ತಲೆಮಾರುಗಳು ಮಾಡಿದವು ಎಂಬುದು ಅವರ ಮಾತಿನ ಸಾರ. ಬಾವಿಯಿಂದ ಎತ್ತುವ ಹೆಂಗಸು, ವುಝೂ ಮಾಡುವ ಮುದುಕ, ಸ್ನಾನದ ಮನೆಯ ಮಗು, ಕಂಚುಗಾರ ಎಲ್ಲರ ಕೈಯೂ ಅದರ ಬಾಯಿ, ಕುತ್ತಿಗೆ, ಹೊಟ್ಟೆಯನ್ನು ತಿದ್ದಿದೆ. ಮಲೆನಾಡಿನ ಜೀಪು ಅಂಥ ಲೋಟಾ. ಅದರ ಮೂಲ ಟೊಲಿಡೊದಲ್ಲಿರಬಹುದು. ಅದು ಪೂರ್ತಿಯಾದದ್ದು ಇಲ್ಲಿಯ ಶೆಡ್ಡುಗಳಲ್ಲಿ.

ಕಾನೂನು ಇದನ್ನು ಹೇಗೆ ನೋಡುತ್ತದೆ? 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ಪರಂಪರೆ ಉಳಿಸಲೆಂದು 'ವಿಂಟೇಜ್ ವಾಹನ' ನಿಯಮ ತಂದಿತು. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರ. ಪ್ರದರ್ಶನಕ್ಕೆ, ರ್ಯಾಲಿಗೆ, ದುರಸ್ತಿಗೆ ಓಡಿಸಬಹುದು. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಇದಕ್ಕೆ ಮೊದಲೇ, 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸಿ ಹೇಳಿತ್ತು.

ಕೂಡಿಸಿ ಓದಿ ನೋಡಿ. ಸಾಹುಕಾರರ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಐವತ್ತು ವರ್ಷ ಮಲಗಿದ ಜೀಪು ಪರಂಪರೆ. ಐವತ್ತು ವರ್ಷ ದುಡಿದ ಜೀಪು ಗುಜರಿ. ದುಡಿಯಬೇಕಾದರೆ ಬದಲಾಗಲೇಬೇಕು, ಬದಲಾದರೆ ಪರಂಪರೆಯಲ್ಲ. ಬಡವನ ಬದುಕಿನ ಗುರುತು ಬಿದ್ದ ಕೂಡಲೇ ವಸ್ತುವಿನ ಮಾನ ಹೋಯಿತು ಎನ್ನುವ ಲೆಕ್ಕ ಇದು. ಕಾಗದದ ಮೇಲೆ ಯಾರ ಜಾತಿಯೂ ಧರ್ಮವೂ ಬರೆದಿಲ್ಲ, ನಿಜ. ಆದರೆ ಯಾರಿಗೆ ಟಾರ್ಪಾಲು, ಯಾರಿಗೆ ಗುಜರಿ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಇದಕ್ಕೆ ಉತ್ತರ ಕೊಡುವವರಿದ್ದಾರೆ, ಅವರ ಮಾತೂ ಕೇಳೋಣ. ಮೂಲ ರೂಪ ಉಳಿಸದಿದ್ದರೆ ಮುಂದಿನವರಿಗೆ ಇತಿಹಾಸ ತಿಳಿಯುವುದು ಹೇಗೆ ಎನ್ನುತ್ತಾರೆ. ಸರಿಯಾದ ಮಾತು. ಕೆಲವು ಜೀಪುಗಳು ಹುಟ್ಟಿದ ಹಾಗೆಯೇ ಉಳಿಯಲಿ. ಘಾಟಿಯಲ್ಲಿ ಕಂಡಕಂಡ ಹಾಗೆ ತಿದ್ದಿದ ಗಾಡಿ ಓಡಿದರೆ ಜೀವಕ್ಕೆ ಅಪಾಯ ಎನ್ನುತ್ತಾರೆ. ಇದೂ ಸರಿಯೇ. ಬ್ರೇಕಿಲ್ಲದ ಜೀಪಿಗೆ ಹದಿನೈದು ಜನರನ್ನು ತುಂಬುವ ಹಕ್ಕನ್ನು ನಾವು ಕೇಳುತ್ತಿಲ್ಲ. ಹೊಗೆ ಕಾರುವ ಎಂಜಿನ್ ಚಾರ್ಮಾಡಿಯ ಹಸಿರಿಗೆ ಒಳ್ಳೆಯದೆಂದೂ ಹೇಳುತ್ತಿಲ್ಲ. ರಸ್ತೆಯ ಮೇಲೆ ಏನು ಓಡಬೇಕೆಂದು ಆರ್‌ಟಿಒ ಹೇಳಲಿ. ಆದರೆ ನೆನಪಿನಲ್ಲಿ ಏನು ಉಳಿಯಬೇಕೆಂದು ಆರ್‌ಟಿಒ ಹೇಳಬೇಕೇ? ಓಡಲು ಯೋಗ್ಯವಲ್ಲದ್ದು ನೆನೆಯಲೂ ಯೋಗ್ಯವಲ್ಲವೇ? ಬದಲಾಯಿಸಿದ ಜೀಪನ್ನು ಮ್ಯೂಸಿಯಂನೊಳಗೆ ನಿಲ್ಲಿಸಿದರೆ ಯಾರ ಜೀವಕ್ಕೂ ಅಪಾಯವಿಲ್ಲ. ಅಪಾಯ ಬರುವುದು ನಮ್ಮ ದೊಡ್ಡಸ್ತಿಕೆಗೆ.

ನಮ್ಮ ನಾಡಿನಲ್ಲೂ ಹಳೆ ಕಾರುಗಳ ಸಂಗ್ರಹಗಳಿವೆ. ಘಾಟಿ ಇಳಿದರೆ ಧರ್ಮಸ್ಥಳದಲ್ಲಿ ಕಾರು ಮ್ಯೂಸಿಯಂ ಇದೆ, ಡಾ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯ ಫಲ. ಅವರದೇ ಪ್ರಯತ್ನದಿಂದ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯಲ್ಲಿ 'ಪಯಣ' ಎಂಬ ದೊಡ್ಡ ಮ್ಯೂಸಿಯಂ ಇತ್ತೀಚಿನ ವರ್ಷಗಳಲ್ಲಿ ತೆರೆದಿದೆ. ಸಾವಿರಾರು ಸಾಮಾನ್ಯ ಜನ, ಶಾಲೆ ಮಕ್ಕಳು ಹೋಗಿ ನೋಡುತ್ತಾರೆ. ಇಂಥ ಕೆಲಸ ಸುಲಭವಲ್ಲ, ಮೆಚ್ಚಬೇಕಾದ್ದೇ. ಆದರೆ ಕಾರು ಸಂಗ್ರಹವೆಂಬ ಈ ಪ್ರಕಾರವೇ ಜಗತ್ತಿನಲ್ಲೆಲ್ಲ ಒಂದು ಅಭ್ಯಾಸಕ್ಕೆ ಬಿದ್ದಿದೆ. ಹಲಗೆಯ ಮೇಲೆ ಕಂಪನಿ, ಇಸವಿ, ಎಂಜಿನ್ನಿನ ಶಕ್ತಿ, ಹತ್ತಿದ ಗಣ್ಯರ ಹೆಸರು ಇರುತ್ತದೆ. ಬಾನೆಟ್ಟು ಎತ್ತಿದವನ ಹೆಸರು ಇರುವುದಿಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ಮ್ಯೂಸಿಯಂ ಇದೆ. ಬೀಜದಿಂದ ಬಟ್ಟಲಿನವರೆಗೆ ಕಾಫಿಯ ದಾರಿ ತೋರಿಸುತ್ತದೆ. ಆ ದಾರಿಯಲ್ಲಿ ಮೂಟೆ ಹೊತ್ತ ಗಾಡಿಗೂ ಅದನ್ನು ನಡೆಸಿದ ಕೈಗೂ ಒಂದು ಕೋಣೆ ಬೇಕು. ಇನ್ನು ಹೋಂಸ್ಟೇಗಳ ಮಾತು ಬೇಡ. ಅಂಗಳದಲ್ಲಿ ಹಳೆ ಜೀಪಿಗೆ ಮಿಲಿಟರಿ ಹಸಿರು ಬಳಿದು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆದು, ಎಂಜಿನ್ ತೆಗೆದು ಹೂಕುಂಡ ಇಡುತ್ತಾರೆ. ಅತಿಥಿಗಳು ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇಲ್ಲಿಯ ಕೆಸರಿನಲ್ಲಿ ಮೂಟೆ ಎಳೆದ ಜೀಪಿಗೆ, ಅದು ಕಾಣದ ಯುದ್ಧದ ನೆನಪನ್ನು ಬಳಿಯುವುದು ಯಾವ ಪರಂಪರೆ?

ಆ ಕೈ ಯಾರದು? ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಗ್ಯಾರೇಜುಗಳಲ್ಲಿ ಬ್ಯಾರಿಗಳಿದ್ದಾರೆ, ದಖನಿ ಉರ್ದುವಿನವರಿದ್ದಾರೆ, ಆಚಾರಿಗಳಿದ್ದಾರೆ, ಕ್ರೈಸ್ತರಿದ್ದಾರೆ, ಲೈನು ಮನೆಯಿಂದ ಬಂದ ದಲಿತ ಹುಡುಗರಿದ್ದಾರೆ. ಅಲ್ಲಿಯ ಭಾಷೆಯನ್ನೇ ಕೇಳಿ. 'ಕಸುಬು' ಅರಬ್ಬಿಯ ಕಸಬ್‌ನಿಂದ ಬಂತು. 'ದುರಸ್ತಿ' ಪಾರಸಿಯದು. 'ಮೇಸ್ತ್ರಿ' ಪೋರ್ಚುಗೀಸರದು. 'ಗೇರು', 'ಬ್ರೇಕು' ಇಂಗ್ಲಿಷಿನವು. ಬೈಗುಳ ಮಾತ್ರ ಅಚ್ಚ ಕನ್ನಡ, ತುಳು, ಬ್ಯಾರಿ! ಜಗತ್ತಿನ ಮಾತುಗಳೆಲ್ಲ ಒಂದು ಜೀಪಿನ ಕೆಳಗೆ ಮಲಗಿ ಕೆಲಸ ಮಾಡುತ್ತವೆ. ಇದೇ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬದುಕಿದ ಪೂರ್ಣಚಂದ್ರ ತೇಜಸ್ವಿಯವರು ಕೈಗೆ ಮಸಿ ಹತ್ತುವ ಕೆಲಸವನ್ನು ಬರವಣಿಗೆಗಿಂತ ಕಡಿಮೆ ಎಂದುಕೊಂಡವರಲ್ಲ. ಅವರ ಓದುಗರಾದ ನಾವಾದರೂ ಹಾಗೆ ಎಣಿಸಬಾರದು.

2022ರ ವಸಂತವನ್ನು ಮರೆಯುವ ಹಾಗಿಲ್ಲ. ಕರಾವಳಿಯಲ್ಲಿ ಶುರುವಾಗಿ, ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರುಗಳು ಎದ್ದವು. ಏಪ್ರಿಲ್‌ನಲ್ಲಿ ತೀರ್ಥಯಾತ್ರೆಗೆ ಮುಸ್ಲಿಂ ಚಾಲಕರ ಗಾಡಿ ಹಿಡಿಯಬೇಡಿ ಎಂಬ ಕರೆಯೂ ಬಂತು. ಆ ಕರೆ ಕೊಟ್ಟವರು ಒಂದು ಪ್ರಶ್ನೆಗೆ ಉತ್ತರ ಕೊಡಲಿ. ಚಾಲಕನ ಹೆಸರು ನೋಡುತ್ತೀರಿ. ಬ್ರೇಕ್ ಕಟ್ಟಿದವನ ಹೆಸರನ್ನು ಎಲ್ಲಿ ನೋಡುತ್ತೀರಿ? ಘಾಟಿಯ ತಿರುವಿನಲ್ಲಿ ಪೆಡಲು ಒತ್ತಿದಾಗ ಗಾಡಿ ನಿಲ್ಲುತ್ತದಲ್ಲ, ಅದು ಯಾರೋ ಒಬ್ಬನ ಈಮಾನು. ಹೆಸರಿಲ್ಲದ ಕೈಯನ್ನು ಬಹಿಷ್ಕರಿಸುವುದು ಸುಲಭ. ಯಾಕೆಂದರೆ ಅದು ಏನು ಮಾಡಿದೆ ಎಂದು ಯಾರೂ ಬರೆದಿಟ್ಟಿಲ್ಲ. ಮ್ಯೂಸಿಯಂನ ಹಲಗೆ ಸಣ್ಣ ವಿಷಯ ಎನ್ನುವವರಿಗೆ ನಮ್ಮ ಉತ್ತರ ಇದು.

ಬೇರೆಯವರಿಗೆ ಹೇಳಿದಷ್ಟನ್ನೇ ನಮ್ಮವರಿಗೂ ಹೇಳಬೇಕು. ವೇದಿಕೆ ಹತ್ತಿದರೆ ಸಾಕು, ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕತೆ ಹೇಳಿ ಎದೆ ಉಬ್ಬಿಸುತ್ತೇವೆ. ಏಳು ಬೀಜದ ಹೆಮ್ಮೆ ಬೇಕು. ಆ ಬೀಜದ ಫಸಲನ್ನು ಬೆಟ್ಟದಿಂದ ಇಳಿಸಿದವನ ಮಗನಿಗೆ ಹೆಣ್ಣು ಕೊಡುವಾಗ ಮಾತ್ರ ಮುಖ ತಿರುಗುತ್ತದೆ. 'ಹುಡುಗ ಗ್ಯಾರೇಜಿನಲ್ಲಿದ್ದಾನಂತೆ' ಎಂದು ದನಿ ತಗ್ಗುತ್ತದೆ. ಎಸ್ಸೆಸ್ಸೆಲ್ಸಿ ಫೇಲಾದವನನ್ನು ಶಿಕ್ಷೆಯೆಂಬಂತೆ ಉಸ್ತಾದನ ಕೈಗೆ ಒಪ್ಪಿಸುತ್ತೇವೆ. ಪ್ರವಾದಿ ದಾವೂದರಿಗೆ(ಅ) ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ವಿಷಯ, ಕವಚ ಮಾಡುವ ವಿದ್ಯೆ ಕಲಿಸಿದ ವಿಷಯ ಕುರ್‌ಆನಿನಲ್ಲಿದೆ. ಸ್ವಂತ ಕೈಯ ದುಡಿಮೆಯ ಊಟಕ್ಕಿಂತ ಉತ್ತಮ ಊಟವಿಲ್ಲ ಎಂದು ಪ್ರವಾದಿವರ್ಯರು(ಸ) ದಾವೂದರನ್ನೇ ಉದಾಹರಿಸಿದರು. ಜುಮಾ ಖುತ್ಬಾದಲ್ಲಿ ಇದನ್ನು ಕೇಳಿ ತಲೆದೂಗುವವರು ಹೊರಬಂದು ಮಸಿ ಹತ್ತಿದ ಕೈಯನ್ನು ಮುಸಾಫಹಾ ಮಾಡಲು ಹಿಂಜರಿಯುತ್ತಾರೆ. ಕಬ್ಬಿಣ ಮೆದುವಾಯಿತು, ನಮ್ಮ ಮನಸ್ಸು ಆಗಲಿಲ್ಲ.

ಹಾಗೆಂದು ಗ್ಯಾರೇಜನ್ನು ಸ್ವರ್ಗ ಮಾಡಿ ತೋರಿಸುವುದೂ ಬೇಡ. ಹತ್ತು ಹನ್ನೆರಡರ ಹುಡುಗರು ಶಾಲೆ ಬಿಟ್ಟು ಪಾನಾ ಎತ್ತಿಕೊಟ್ಟು ಏಟು ತಿಂದು ಕಲಿತ ಇತಿಹಾಸವೂ ಅಲ್ಲಿದೆ. ಅದು ಮತ್ತೆ ಬರಬಾರದು. ವೆಲ್ಡಿಂಗ್ ಬೆಳಕಿಗೆ ಕಣ್ಣು ಕೊಟ್ಟವರಿದ್ದಾರೆ. ಮೂವತ್ತು ವರ್ಷ ದುಡಿದ ಮೇಲೂ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇಲ್ಲ, ಪಿಂಚಣಿ ಇಲ್ಲ. ಈಗಿನ ಗಾಡಿ ಕೆಟ್ಟರೆ ಕಂಪ್ಯೂಟರು ಜೋಡಿಸಿ ನೋಡಬೇಕು. ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು. ಜೀಪು ಬಲ್ಲ ಉಸ್ತಾದರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದಾರೆ. ಅವರ ಜೊತೆ ಹೋಗುವ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ಆದ್ದರಿಂದಲೇ ಈ ಮಾತು ಈಗಲೇ ಆಡಬೇಕಾಗಿದೆ.

ನಾವು ಕೇಳುವುದು ದೊಡ್ಡದೇನಲ್ಲ. ಚಿಕ್ಕಮಗಳೂರಿನ ಮ್ಯೂಸಿಯಂನಲ್ಲಿ ಒಂದು ಕೋಣೆ. ಅದರಲ್ಲಿ ಹೊಳೆಯದ ಜೀಪೊಂದು, ಡೀಸೆಲ್ ಎಂಜಿನ್ ಕೂರಿಸಿದ್ದು, ಪಾಟಾಕ್ಕೆ ಲಾರಿಯ ಎಲೆ ಸೇರಿಸಿದ್ದು. ಬಾನೆಟ್ಟು ತೆರೆದಿಡಲಿ. ಯಾವ ಭಾಗ ಟೊಲಿಡೊದ್ದು, ಯಾವುದು ಮುಂಬಯಿಯದು, ಯಾವುದು ಮೂಡಿಗೆರೆಯದು ಎಂದು ಮಕ್ಕಳಿಗೆ ತಿಳಿಯುವಂತೆ ಬರೆದಿಡಲಿ. ಪಕ್ಕದಲ್ಲಿ ಒಂದು ಕೆಲಸದ ಮೇಜು, ಅದರ ಮೇಲೆ ಸವೆದ ಪಾನಾಗಳು. ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನದಂಥ ಸಂಸ್ಥೆಗಳು, ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು, ನಮ್ಮ ಜಮಾಅತ್‌ಗಳು ಸೇರಿ ಬದುಕಿರುವ ಉಸ್ತಾದರ ಮಾತನ್ನು ಧ್ವನಿಮುದ್ರಿಸಲಿ. ಕಲಿತ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಸರ್ಕಾರದ ಕೌಶಲ ಯೋಜನೆಗಳಲ್ಲಿದೆ. ಅದು ಕಳಸದ ಗ್ಯಾರೇಜಿನ ಬಾಗಿಲಿಗೆ ಬರಲಿ. ಇನ್ನು ವಿಂಟೇಜ್ ನಿಯಮದಲ್ಲಿ ಒಂದು ಸಾಲು ಸೇರಲಿ: ಸ್ಥಳೀಯವಾಗಿ ಬದಲಾಯಿಸಿದ ವಾಹನವೂ, ಓಡಿಸಲು ಅಲ್ಲದಿದ್ದರೂ ನೋಡಿ ಕಲಿಯಲು, ಪರಂಪರೆಯೇ.

ಆ ಕೋಣೆಯ ಹಲಗೆಯಲ್ಲಿ ವಿಲ್ಲೀಸ್ ಹೆಸರು ಇರಲಿ, ಮಹೀಂದ್ರ ಹೆಸರು ಇರಲಿ, ಪಾಪ, ಬ್ಯಾಂಟಮ್‌ನ ಕಾರ್ಲ್ ಪ್ರಾಬ್ಸ್ಟ್ ಹೆಸರೂ ಇರಲಿ. ಅದರ ಕೆಳಗೆ ಜಾಗ ಬಿಡಬೇಕು. ಅಲ್ಲಿ ಮುಹಮ್ಮದ್, ಇದಿನಬ್ಬ, ಪೌಲು, ಮಂಜಾಚಾರಿ ಎಂದು ನಮ್ಮ ಊರಿನ ಹೆಸರುಗಳು ಬರಬೇಕು. ಎಷ್ಟು ಉದ್ದ ಬಂದರೂ ಬರಲಿ. ಹಲಗೆ ಸಾಲದಿದ್ದರೆ ಇನ್ನೊಂದು ಹಲಗೆ ಬೆಸೆಯಲು ಈ ಊರಿನಲ್ಲಿ ಇನ್ನೂ ಜನರಿದ್ದಾರೆ.